ಬೈಯದ ಮೇಷ್ಟ್ರು

ತುಮಕೂರಿನ ಬಿ.ಎಚ್. ರಸ್ತೆಯ ಆಸುಪಾಸಿನ ಜೆರಾಕ್ಸ್ ಅಂಗಡಿಗಳನ್ನು ಗಮನಿಸುತ್ತಿದ್ದರೆ ಸಾಕು, ನಮ್ಮ ವಿದ್ಯಾರ್ಥಿಗಳ ಓದು ಯಾವ ಕಡೆಗೆ ಹೊರಳುತ್ತಿದೆ ಎಂಬುದು ತಿಳಿಯುತ್ತದೆ. ಕೆಲವು ವರ್ಷಗಳ ಹಿಂದೆ ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂದರೆ ಅಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಸೀನಿಯರ್‌ಗಳ ನೋಟ್ಸ್, ಗೈಡ್‌ನ ಆಯ್ದ ಪುಟಗಳು, ಹೋದ ವರ್ಷ ಯಾರೋ ಸಲ್ಲಿಸಿದ ಪ್ರಾಜೆಕ್ಟ್, ಎಲ್ಲವೂ ಪ್ರತಿಯ ಮೇಲೆ ಪ್ರತಿಯಾಗಿ, ಕೊನೆಕೊನೆಗೆ ಅಕ್ಷರವೇ ಮಸುಕಾಗಿ ಕೈಯಿಂದ ಕೈಗೆ ದಾಟುತ್ತಿದ್ದವು. ಈಗ ಅಂಗಡಿಯವರಿಗೆ ಕೆಲಸವೇನೂ ಕಡಿಮೆಯಾಗಿಲ್ಲ, ಕೆಲಸದ ಬಗೆ ಬೇರೆಯಾಗಿದೆ. ವಾಟ್ಸ್‌ಆ್ಯಪ್‌ಗೆ ಫೈಲ್ ಬರುತ್ತದೆ, ಪ್ರಿಂಟ್ ಆಗುತ್ತದೆ, ಸ್ಪೈರಲ್ ಬೈಂಡಿಂಗ್ ಆಗಿ ಅರ್ಧ ಗಂಟೆಯಲ್ಲಿ ಕಾಲೇಜು ಸೇರುತ್ತದೆ. ಮುಖಪುಟದಲ್ಲಿ ಹೆಸರಿರುವವರು ಒಳಗಿನದನ್ನು ಒಮ್ಮೆಯಾದರೂ ಓದಿದ್ದಾರೆಯೇ ಎಂದು ಕೇಳುವುದು ಅಂಗಡಿಯವರ ಕೆಲಸವಲ್ಲ. ನನ್ನ ಕೆಲಸ. ನಾನು ಇದೇ ಊರಿನ ಪದವಿ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ.

ಕೇಳಿದ್ದಕ್ಕೆಲ್ಲ ಬರಹದಲ್ಲಿ ಉತ್ತರ ಕೊಡುವ ಎಐ ಯಂತ್ರ ಚಾಟ್‌ಜಿಪಿಟಿ ಹೊರಬಂದದ್ದು 2022ರ ನವೆಂಬರ್ 30ರಂದು. ಮೊದಮೊದಲು ಅದು ಎಂಜಿನಿಯರಿಂಗ್ ಕಾಲೇಜಿನವರ ಆಟಿಕೆ ಎಂದುಕೊಂಡಿದ್ದೆವು. 2025ರಲ್ಲಿ ಗೂಗಲ್ ಅಂಥದೇ ಆದ ತನ್ನ ಜೆಮಿನಿಯ ದುಬಾರಿ ಆವೃತ್ತಿಯನ್ನು ಭಾರತದ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ವರ್ಷ ಪುಕ್ಕಟೆ ಕೊಟ್ಟಿತು. ಏರ್‌ಟೆಲ್ ಗ್ರಾಹಕರಿಗೆ ಅಂಥದೇ ಇನ್ನೊಂದು, ಪರ್‌ಪ್ಲೆಕ್ಸಿಟಿ, ಪುಕ್ಕಟೆ ಸಿಕ್ಕಿತು. ಅದೇ ವರ್ಷದ ನವೆಂಬರ್‌ನಲ್ಲಿ ಚಾಟ್‌ಜಿಪಿಟಿಯವರೂ ಅದೇ ದಾರಿ ಹಿಡಿದರು. ಪುಕ್ಕಟೆ ಎಂದ ಮೇಲೆ ಕೇಳಬೇಕೆ! ಬಿ.ಎ. ಮೊದಲ ವರ್ಷದವರ ಮೊಬೈಲ್‌ಗಳಲ್ಲೂ ಈಗ ಇಂಥ ಎರಡು ಮೂರು ಆ್ಯಪ್‌ಗಳಿವೆ. ನಮ್ಮ ಸ್ಟಾಫ್ ರೂಮಿನಲ್ಲಿ ಇದರ ಬಗ್ಗೆ ಎರಡು ಪಕ್ಷಗಳಾಗಿವೆ. ಮಕ್ಕಳು ಹಾಳಾದರು ಎನ್ನುವವರು ಕಿಟಕಿಯ ಕಡೆ ಕುಳಿತುಕೊಳ್ಳುತ್ತಾರೆ, ಕಾಲ ಬದಲಾಗಿದೆ, ನಾವೂ ಬದಲಾಗಬೇಕು ಎನ್ನುವವರು ಫ್ಯಾನಿನ ಕೆಳಗೆ. ನನಗೆ ಎರಡೂ ಕಡೆ ಕುಳಿತು ಅಭ್ಯಾಸವಿದೆ.

ನಮ್ಮ ತರಗತಿಯ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಕೊರಟಗೆರೆ, ಮಧುಗಿರಿ, ಶಿರಾ, ಗುಬ್ಬಿಯ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಬರುತ್ತಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಪಾಸಿನ ಚಿಂತೆಯೂ ಇಲ್ಲ. ಆದರೆ ತರಗತಿಯಲ್ಲಿ ಬಾಯಿ ಬಿಡುವುದು ಬಸ್ ಹತ್ತಿದಷ್ಟು ಸುಲಭವಲ್ಲ. "ಅರ್ಥವಾಯಿತೇ?" ಎಂದು ಕೇಳಿದರೆ ಐವತ್ತು ಗಂಟಲಿನಿಂದ ಒಂದೇ "ಹೂಂ ಮೇಡಂ" ಬರುತ್ತದೆ. ಆ ಹೂಂಕಾರವನ್ನು ನಂಬಿ ಮುಂದಕ್ಕೆ ಹೋಗುವ ಮೇಷ್ಟ್ರು ಮೌಲ್ಯಮಾಪನದ ಹೊತ್ತಿಗೆ ತಲೆ ಮೇಲೆ ಕೈ ಹೊತ್ತು ಕೂರಬೇಕಾಗುತ್ತದೆ.

ಕಳೆದ ಸೆಮಿಸ್ಟರ್‌ನಲ್ಲಿ ಒಬ್ಬ ವಿದ್ಯಾರ್ಥಿನಿ ಅಸೈನ್‌ಮೆಂಟ್ ತೋರಿಸಲು ಬಂದಿದ್ದಳು. ಬರಹ ಅವಳದೇ ಎಂದು ನನಗೆ ಅನ್ನಿಸಲಿಲ್ಲ, ಹಾಗೆಂದೆ. ಅವಳು ಅಂಜಿಕೆಯಿಂದಲೇ ಮೊಬೈಲ್ ತೆಗೆದು ಇಡೀ ಸಂಭಾಷಣೆ ತೋರಿಸಿದಳು. ಮೊದಲ ಪ್ರಶ್ನೆ: ಊಳಿಗಮಾನ್ಯ ಪದ್ಧತಿ ಎಂದರೇನು? ಕೆಳಗೆ ಉದ್ದನೆಯ ಉತ್ತರ. ಆಮೇಲೆ, ಸುಲಭವಾಗಿ ಹೇಳು. ಆಮೇಲೆ, ಇನ್ನೂ ಸುಲಭವಾಗಿ ಹೇಳು. ಆಮೇಲೆ, ಹಳ್ಳಿಯ ಉದಾಹರಣೆ ಕೊಟ್ಟು ಹೇಳು. ಅದಾದ ಮೇಲೆ ಇದ್ದ ಪ್ರಶ್ನೆಯನ್ನು ನೋಡಿ ನಾನು ಮೊಬೈಲನ್ನು ಕೈಗೆ ತೆಗೆದುಕೊಂಡೆ: "ಜಹಗೀರು, ಇನಾಮು ಎರಡೂ ಒಂದೇನಾ? ನಮ್ಮ ತಾತ ಇನಾಮ್ತಿ ಜಮೀನು ಅನ್ನುತ್ತಾರೆ, ಅದು ಯಾರು ಕೊಟ್ಟಿದ್ದು?" ನಮ್ಮ ಪಠ್ಯಪುಸ್ತಕದ ಯಾವ ಅಭ್ಯಾಸದಲ್ಲೂ ಇಷ್ಟು ಒಳ್ಳೆಯ ಪ್ರಶ್ನೆ ಇಲ್ಲ. ಮೈಸೂರು ಸಂಸ್ಥಾನದ ಕಂದಾಯ, ಇನಾಮು ರದ್ದತಿ, ಭೂಸುಧಾರಣೆ, ಎಲ್ಲಕ್ಕೂ ಆ ಒಂದು ಪ್ರಶ್ನೆಯಿಂದ ಬಾಗಿಲು ತೆರೆಯುತ್ತದೆ.

"ಯಾಕಮ್ಮ, ಇದನ್ನು ನನ್ನನ್ನೇ ಕೇಳಬಹುದಿತ್ತಲ್ಲ?" ಎಂದೆ.

"ಅದು ಬೈಯುವುದಿಲ್ಲ ಮೇಡಂ" ಎಂದಳು.

ನಾನು ಯಾರನ್ನೂ ಬೈಯುವವಳಲ್ಲ ಎಂದು ವಾದಿಸಬಹುದಿತ್ತು. ಆದರೆ ಅವಳು ಹೇಳಿದ್ದು ನನ್ನೊಬ್ಬಳ ಬಗ್ಗೆ ಅಲ್ಲ. ಮೂರನೇ ಸಲ "ಇನ್ನೂ ಸುಲಭವಾಗಿ ಹೇಳಿ" ಎಂದು ಮೇಷ್ಟ್ರನ್ನು ಕೇಳುವ ಮಗುವನ್ನು ನಮ್ಮ ಶಾಲೆಗಳು ಒಂದನೇ ತರಗತಿಯಲ್ಲೇ ಸುಮ್ಮನಾಗಿಸಿಬಿಡುತ್ತವೆ. ಪಕ್ಕದವರು ನಗುತ್ತಾರೆ, ಮೇಷ್ಟ್ರು ಗಡಿಯಾರ ನೋಡುತ್ತಾರೆ, ಮನೆಗೆ ಹೋದರೆ ಕೇಳಲು ಓದಿದವರಿಲ್ಲ. ಟ್ಯೂಷನ್‌ಗೆ ದುಡ್ಡಿಲ್ಲದ ಮನೆಯ ಹುಡುಗಿಗೆ ರಾತ್ರಿ ಹತ್ತು ಗಂಟೆಗೂ ಬೇಸರಿಸದೆ ಉತ್ತರ ಕೊಡುವ ಒಬ್ಬರು ಸಿಕ್ಕಿದ್ದಾರೆ ಎಂದರೆ, ಕಿಟಕಿಯ ಕಡೆಯವರು ಏನೇ ಹೇಳಲಿ, ಅದು ಸಣ್ಣ ಸಂಗತಿಯಲ್ಲ.

ಕೇಳುವ ಧೈರ್ಯ ಹೀಗೆ ಬಂದಿದೆ. ಬಂದ ಉತ್ತರವನ್ನು ಅನುಮಾನಿಸುವ ಧೈರ್ಯ ಮಾತ್ರ ಬಂದಿಲ್ಲ, ನನ್ನ ತಕರಾರೆಲ್ಲ ಅಲ್ಲೇ ಇರುವುದು.

ಕೈದಾಳದ ಚೆನ್ನಕೇಶವ ದೇವಸ್ಥಾನ ತುಮಕೂರಿಗೆ ಕೂಗಳತೆಯಲ್ಲಿದೆ. ಜಕಣಾಚಾರಿಯ ಕಥೆ ಗೊತ್ತಿಲ್ಲದವರು ಈ ಜಿಲ್ಲೆಯಲ್ಲಿ ಯಾರೂ ಇಲ್ಲ: ಬೇಲೂರಿನ ವಿಗ್ರಹದಲ್ಲಿ ಕಪ್ಪೆ ಇದೆ ಎಂದು ಮಗ ಡಂಕಣ ತೋರಿಸಿದ್ದು, ಅಪ್ಪ ಬಲಗೈ ಕತ್ತರಿಸಿಕೊಂಡದ್ದು, ಹುಟ್ಟೂರಿನಲ್ಲಿ ಕೇಶವನ ಗುಡಿ ಕಟ್ಟಿದ ಮೇಲೆ ಕೈ ಮರಳಿ ಬಂದದ್ದು. ಕಥೆ ಚೆಂದವಾಗಿದೆ, ನಾನೂ ಚಿಕ್ಕವಳಿದ್ದಾಗ ಕಣ್ಣರಳಿಸಿ ಕೇಳಿದ್ದೇನೆ. ಆದರೆ ಗುಡಿಯ ಶಾಸನ ಹೇಳುವುದು ಹೊಯ್ಸಳ ಒಂದನೆಯ ನರಸಿಂಹನ ಕಾಲದ ಬಾಚಿ ಎಂಬ ಸಾಮಂತನ ಮಾತನ್ನು, 12ನೇ ಶತಮಾನದ ನಡುವಿನ ಮಾತನ್ನು. ಇತಿಹಾಸದ ವಿದ್ಯಾರ್ಥಿ ಮೊದಲು ಕಲಿಯಬೇಕಾದದ್ದೇ ಈ ಎರಡನ್ನು ಬೇರೆ ಬೇರೆ ಇಟ್ಟು ನೋಡುವುದನ್ನು. ಹೋದ ವರ್ಷ ಕೈದಾಳದ ಬಗ್ಗೆ ಬಂದ ಅಸೈನ್‌ಮೆಂಟ್‌ಗಳಲ್ಲಿ ಜಕಣಾಚಾರಿ ಜನಿಸಿದ ಇಸವಿ ಇತ್ತು, ಅವನ ಗುರುವಿನ ಹೆಸರಿತ್ತು, ಕೈ ಮರಳಿ ಬಂದ ಘಟನೆಯನ್ನು "ಇತಿಹಾಸಕಾರರು ದೃಢಪಡಿಸಿದ್ದಾರೆ" ಎಂಬ ಸಾಲೂ ಇತ್ತು. ಒಬ್ಬೊಬ್ಬರದರಲ್ಲಿ ಒಂದೊಂದು ಇಸವಿ.

ನನ್ನನ್ನು ಯೋಚನೆಗೆ ಹಚ್ಚಿದ್ದು ಈ ಕೊನೆಯ ಸಂಗತಿ. ಗೈಡ್‌ಗಳ ಕಾಲದಲ್ಲೂ ತಪ್ಪುಗಳಿದ್ದವು, ಧಾರಾಳವಾಗಿದ್ದವು. ಆದರೆ ಗೈಡ್‌ನ ತಪ್ಪು ಊರಿಗೆಲ್ಲ ಒಂದೇ. ಇಡೀ ತರಗತಿ ಒಂದೇ ತಪ್ಪು ಇಸವಿ ಬರೆದು ತಂದರೆ ನಮಗೆ ಕೂಡಲೇ ಗೊತ್ತಾಗುತ್ತಿತ್ತು. ಹಲಗೆಯ ಮೇಲೆ ಒಮ್ಮೆ ಸರಿಯಾದದ್ದನ್ನು ಬರೆದರೆ ಎಲ್ಲರದೂ ಸರಿಹೋಗುತ್ತಿತ್ತು. ಯಂತ್ರ ಕೊಡುವ ತಪ್ಪು ಒಬ್ಬೊಬ್ಬರಿಗೆ ಪ್ರತ್ಯೇಕ. ಅದು ಅವರವರ ಮೊಬೈಲಿನೊಳಗೆ, ಅವರವರ ಕಣ್ಣಿಗೆ ಮಾತ್ರ ಬೀಳುವಂತೆ, ಬಹಳ ಒಳ್ಳೆಯ ವ್ಯಾಕರಣದಲ್ಲಿ ಇರುತ್ತದೆ. ಗೆಳತಿಯ ನೋಟ್ಸ್ ಜೊತೆ ಹೋಲಿಸಿದರೂ ಇಬ್ಬರಲ್ಲಿ ಯಾರದು ಸರಿ ಎಂದು ಹೇಳಲು ಇಬ್ಬರ ಬಳಿಯೂ ಬೇರೆ ಆಧಾರವಿಲ್ಲ.

ಆಧಾರದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಸಂಗ್ರಹಿಸಿ ಎಪಿಗ್ರಾಫಿಯಾ ಕರ್ನಾಟಿಕದ 12ನೇ ಸಂಪುಟವಾಗಿ 1904ರಲ್ಲಿ ಪ್ರಕಟಿಸಿದರು. ತಾಲ್ಲೂಕುವಾರು ಜೋಡಿಸಿ, ಪ್ರತಿ ಶಾಸನಕ್ಕೂ ಸಂಖ್ಯೆ ಕೊಟ್ಟು, ಪಾಠ ಮತ್ತು ಅನುವಾದ ಎರಡನ್ನೂ ಅದರಲ್ಲಿ ಕೊಟ್ಟಿದ್ದಾರೆ. ಯಾರಾದರೂ ಶಾಸನದ ಸಂಖ್ಯೆ ಹೇಳಿದರೆ ಸರಿಯೋ ಸುಳ್ಳೋ ನೋಡಲು ಐದು ನಿಮಿಷ ಸಾಕು. ಒಬ್ಬ ವಿದ್ಯಾರ್ಥಿ ಸೊಗಸಾಗಿ ಅಡಿಟಿಪ್ಪಣಿ ಹಾಕಿಕೊಂಡು ಬಂದಿದ್ದ. ಸಂಪುಟ ಸರಿಯಿತ್ತು, ತಾಲ್ಲೂಕು ಸರಿಯಿತ್ತು, ಸಂಖ್ಯೆಯೂ ಇತ್ತು. ತೆಗೆದು ನೋಡಿದರೆ ಆ ಸಂಖ್ಯೆಯ ಶಾಸನ ಬೇರೆ ಯಾವುದೋ ಊರಿನ ದಾನದ ವಿಷಯ. ಅವನು ಬರೆದ ಕೆರೆಗೂ ಅದಕ್ಕೂ ಸಂಬಂಧವೇ ಇಲ್ಲ. ಅದರ ಕೆಳಗಿನ ಅಡಿಟಿಪ್ಪಣಿಯಲ್ಲಿ ಒಂದು ಪುಸ್ತಕದ ಹೆಸರಿತ್ತು, ಪ್ರಕಾಶನದ ಹೆಸರಿತ್ತು, ಪುಟ ಸಂಖ್ಯೆ ಇತ್ತು. ಪುಸ್ತಕವೊಂದು ಮಾತ್ರ ಈ ಲೋಕದಲ್ಲಿ ಇರಲಿಲ್ಲ.

ಹುಡುಗನನ್ನು ಬೈದು ಪ್ರಯೋಜನವಿಲ್ಲ. 2023ರಲ್ಲಿ ನ್ಯೂಯಾರ್ಕಿನ ವಕೀಲರೇ ಚಾಟ್‌ಜಿಪಿಟಿ ಕೊಟ್ಟ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿ 5,000 ಡಾಲರ್ ದಂಡ ಕಟ್ಟಿದ್ದಾರೆ. ಈ ಯಂತ್ರ ಕೆಲಸ ಮಾಡುವ ಬಗೆಯೇ ಹಾಗೆ. ಅಪಾರ ಪ್ರಮಾಣದ ಬರಹವನ್ನು ಓದಿಸಿ, ಒಂದು ಮಾತಿನ ನಂತರ ಯಾವ ಮಾತು ಬರುವ ಸಂಭವ ಹೆಚ್ಚು ಎಂಬುದನ್ನು ಅದಕ್ಕೆ ರೂಢಿ ಮಾಡಿಸಿರುತ್ತಾರೆ. ಅಡಿಟಿಪ್ಪಣಿ ನೋಡಲು ಹೇಗಿರುತ್ತದೆ ಎಂಬುದು ಅದಕ್ಕೆ ಚೆನ್ನಾಗಿ ಗೊತ್ತು, ಆದ್ದರಿಂದ ಅಡಿಟಿಪ್ಪಣಿಯಂತೆ ಕಾಣುವುದನ್ನು ಬರೆದು ಕೊಡುತ್ತದೆ. ಹೆಚ್ಚು ಬರಹ ಇರುವ ವಿಷಯದಲ್ಲಿ ತಪ್ಪು ಕಡಿಮೆ. ಫ್ರೆಂಚ್ ಕ್ರಾಂತಿಯ ಬಗ್ಗೆ ಕೇಳಿ, ನನಗಿಂತ ಚೆನ್ನಾಗಿ ಹೇಳುತ್ತದೆ. ಶಿರಾದ ಬಗ್ಗೆ ಕೇಳಿ, ಅದೂ ಕನ್ನಡದಲ್ಲಿ ಕೇಳಿ, ಆಗ ನೋಡಿ ಮಜಾ. 1687ರ ನಂತರ ಮೊಗಲರ ಸುಬಾದ, ಅಂದರೆ ಪ್ರಾಂತ್ಯದ, ಕೇಂದ್ರವಾಗಿದ್ದ ಊರಿಗೆ ಶಿರಸಿಯ ಮಾರಿಕಾಂಬೆಯನ್ನು ತಂದು ಕೂರಿಸಿದ್ದ ಒಂದು ಉತ್ತರವನ್ನು ನಾನೇ ಓದಿದ್ದೇನೆ. ಅಂತರ್ಜಾಲದಲ್ಲಿ ಕನ್ನಡದ ಬರಹ ಇರುವುದೇ ಅಷ್ಟಕ್ಕಷ್ಟೆ. ಸಾಲದ್ದಕ್ಕೆ ಕಂಪ್ಯೂಟರಿನ ಲೆಕ್ಕದಲ್ಲಿ ನಮ್ಮ ಲಿಪಿ ತುಸು ಭಾರ. ಯೂನಿಕೋಡ್‌ನ ರೂಢಿಯ ಪದ್ಧತಿಯಲ್ಲಿ 'ವಿದ್ಯಾರ್ಥಿ' ಎಂಬ ಪದಕ್ಕೆ ಒತ್ತು, ಗುಣಿತಗಳೆಲ್ಲ ಸೇರಿ 30 ಬೈಟ್ ಬೇಕು, ಅದೇ ಅರ್ಥದ ಇಂಗ್ಲಿಷ್ ಪದ 7ರಲ್ಲಿ ಮುಗಿಯುತ್ತದೆ. ಹೊಸ ಮಾದರಿಗಳು ಈ ಹೊರೆಯನ್ನು ಇಳಿಸುತ್ತಿವೆ ಎನ್ನುವುದೂ ನಿಜ. ಆದರೆ ಯಾರೂ ಬರೆಯದೇ ಇರುವುದನ್ನು ಅವು ಎಲ್ಲಿಂದ ತಂದಾವು?

ನಕಲನ್ನು ಹಿಡಿಯುವ ಯಂತ್ರಗಳ ಮೇಲೆ ನಮ್ಮಲ್ಲಿ ಕೆಲವರಿಗೆ ಬಹಳ ನಂಬಿಕೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2018ರಲ್ಲಿ ತಂದ ನಿಯಮಾವಳಿಯ ಪ್ರಕಾರ ಪ್ರಬಂಧದಲ್ಲಿ ಬೇರೆಯವರ ಬರಹದ ಹೋಲಿಕೆ ಶೇ 10ರೊಳಗಿದ್ದರೆ ದಂಡವಿಲ್ಲ, ಶೇ 60 ಮೀರಿದರೆ ನೋಂದಣಿಯೇ ರದ್ದು. ಇದು ಕದ್ದ ಬರಹವನ್ನು ಹಿಡಿಯಲು ಮಾಡಿದ ಬಲೆ. ಯಂತ್ರ ಪ್ರತಿ ಸಲವೂ ಹೊಸದಾಗಿ ಹೆಣೆದುಕೊಡುವ ವಾಕ್ಯ ಯಾರ ಬರಹಕ್ಕೂ ಹೋಲುವುದಿಲ್ಲ, ಹಾಗಾಗಿ "ಶೇ 4 ಬಂತು ಮೇಡಂ" ಎಂದು ಹೆಮ್ಮೆಯಿಂದ ಹೇಳುವ ಸಂಶೋಧನಾ ವಿದ್ಯಾರ್ಥಿಯನ್ನು ನೋಡಿ ಸಂತೋಷಪಡಬೇಕೋ ಬೇಡವೋ ತಿಳಿಯುವುದಿಲ್ಲ. ಯಂತ್ರದ ಬರಹವನ್ನೇ ಗುರುತಿಸುವ ಸಾಧನವನ್ನು ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಸಂಸ್ಥೆಯೇ 2023ರ ಜನವರಿಯಲ್ಲಿ ತಂದು, ಅದು ಸರಿಯಾಗಿ ಹಿಡಿಯುತ್ತಿದ್ದದ್ದು ಶೇ 26ರಷ್ಟು ಮಾತ್ರ ಎಂದು ಒಪ್ಪಿಕೊಂಡು, ಜುಲೈ ಹೊತ್ತಿಗೆ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನವರು ನಡೆಸಿದ ಪರೀಕ್ಷೆಯಲ್ಲಿ, ಇಂಗ್ಲಿಷ್ ಮನೆಮಾತಲ್ಲದವರು ಸ್ವಂತವಾಗಿ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇಂಥ ಸಾಧನಗಳು ಯಂತ್ರದ ಬರಹ ಎಂದು ದೂರಿದವು. ನಮ್ಮ ಮಕ್ಕಳ ಅಳೆದು ತೂಗಿದ ಸರಳ ಇಂಗ್ಲಿಷನ್ನು ಅವುಗಳ ಕೈಗೆ ಕೊಟ್ಟರೆ ಏನಾದೀತೆಂದು ಊಹಿಸಿ.

ಮೇಷ್ಟ್ರುಗಳು ಬಹಳ ಸಾಚಾ ಎಂದೇನೂ ಅಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ವರದಿ ಬರೆಯುವಾಗ ಈಗ ಯಾರ ಸಹಾಯ ಪಡೆಯುತ್ತೇವೆ ಎಂಬುದು ಸ್ಟಾಫ್ ರೂಮಿನ ಎರಡೂ ಪಕ್ಷಕ್ಕೂ ಗೊತ್ತು. ನಿಜ ಹೇಳಬೇಕೆಂದರೆ ಆ ವರದಿಗಳ ಗದ್ಯ ಯಂತ್ರ ಬರುವ ಮೊದಲೇ ಯಂತ್ರದ ಗದ್ಯವಾಗಿತ್ತು.

ಟರ್ಕಿಯಲ್ಲಿ ಸುಮಾರು ಸಾವಿರ ಪ್ರೌಢಶಾಲಾ ವಿದ್ಯಾರ್ಥಿಗಳ ಮೇಲೆ ನಡೆದ ಗಣಿತದ ಪ್ರಯೋಗವೊಂದು ನನ್ನ ತಲೆಯಿಂದ ಹೋಗುವುದಿಲ್ಲ. ಚಾಟ್‌ಜಿಪಿಟಿಯಂಥದನ್ನು ಹಾಗೆಯೇ ಕೈಗೆ ಕೊಟ್ಟವರು ಅಭ್ಯಾಸದ ಲೆಕ್ಕಗಳನ್ನು ಶೇ 48ರಷ್ಟು ಹೆಚ್ಚು ಚೆನ್ನಾಗಿ ಮಾಡಿದರು. ಆಮೇಲೆ ಅದನ್ನು ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ, ಮೊದಲಿನಿಂದಲೂ ಅದಿಲ್ಲದೆ ಓದಿದವರಿಗಿಂತ ಶೇ 17ರಷ್ಟು ಹಿಂದೆ ಬಿದ್ದರು. ಉತ್ತರ ಕೊಡದೆ ಸುಳಿವನ್ನಷ್ಟೇ ಕೊಡುವಂತೆ ಹದಗೊಳಿಸಿದ ಯಂತ್ರದ ಜೊತೆ ಕಲಿತವರಿಗೆ ಈ ಹಿನ್ನಡೆ ಬಹುಮಟ್ಟಿಗೆ ಆಗಲಿಲ್ಲ. ಹಿಂದೆ ಬಿದ್ದವರಿಗೆ ತಾವು ಕಡಿಮೆ ಕಲಿತಿದ್ದೇವೆ ಎಂಬುದೇ ಗೊತ್ತಿರಲಿಲ್ಲ ಎನ್ನುವುದು ನನ್ನನ್ನು ಹೆಚ್ಚು ಕಾಡಿತು. ಗೊತ್ತಿಲ್ಲದ್ದು ಗೊತ್ತಾಗದೇ ಇದ್ದರೆ ಅನುಮಾನ ಹುಟ್ಟುವುದಾದರೂ ಎಲ್ಲಿ?

ಎಲ್ಲಿ ಹುಟ್ಟುತ್ತದೆ ಎಂಬುದನ್ನು ಮಧುಗಿರಿ ಕಡೆಯ ಒಬ್ಬ ಹುಡುಗನ ಪ್ರಾಜೆಕ್ಟ್‌ನಲ್ಲಿ ಕಂಡೆ. ವಿಷಯ, ಅವನ ಹೋಬಳಿಯ ಹಳೆಯ ನೀರಿನ ಮೂಲಗಳು. ಮೊದಲ ಕರಡು ಪೂರ್ತಿ ಯಂತ್ರದ್ದೇ. ಅದನ್ನು ಮುಂದಿಟ್ಟುಕೊಂಡು ನಾನು ಜೋರಾಗಿ ಓದತೊಡಗಿದೆ. ತಲಪರಿಗೆ ಎಂಬ ಭಾಗ ಬಂತು. "ತಲಪರಿಗೆಗಳು ರಾಜಮಹಾರಾಜರು ನಿರ್ಮಿಸಿದ, ಕೆತ್ತನೆಯ ಮೆಟ್ಟಿಲುಗಳುಳ್ಳ ಭವ್ಯ ಬಾವಿಗಳು" ಎಂದಿತ್ತು. ಹುಡುಗ ಕಿಸಕ್ಕನೆ ನಕ್ಕ.

"ಯಾಕೋ ನಗು?"

"ಮೆಟ್ಟಿಲು ಎಲ್ಲಿಂದ ಬಂತು ಮೇಡಂ? ನಮ್ಮ ಅಜ್ಜನ ಗದ್ದೆಗೆ ನೀರು ಬರುತ್ತಿದ್ದದ್ದೇ ತಲಪರಿಗೆಯಿಂದ."

ಆ ಹೊತ್ತಿನಿಂದ ಅವನ ಬಾಯಿಗೆ ಬೀಗವೇ ಇರಲಿಲ್ಲ. ಮರಳು ನೆಲದಡಿಯ ಸೆಲೆ ತಾನಾಗಿ ಜಿನುಗುವ ಜಾಗದಲ್ಲಿ ಗುಂಡಿ ತೋಡಿ, ಅಲ್ಲಿಂದ ಕಾಲುವೆ ತೆಗೆದು ಗದ್ದೆಗೆ ಹಾಯಿಸುತ್ತಿದ್ದದ್ದು. ಅಚ್ಚುಕಟ್ಟಿನವರೆಲ್ಲ ವರ್ಷಕ್ಕೊಮ್ಮೆ ಸೇರಿ ಹೂಳು ತೆಗೆಯುತ್ತಿದ್ದದ್ದು, ಮನೆಗೊಂದು ಆಳು ಬರಲೇಬೇಕೆಂದಿದ್ದದ್ದು. ನೀರು ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ಸರದಿ ಇದ್ದದ್ದು, ನೀರುಗಂಟಿಯ ಮಾತಿಗೆ ಗೌಡರೂ ಎದುರಾಡದಿದ್ದದ್ದು. ಸುತ್ತಲೂ ಕೊಳವೆ ಬಾವಿ ಕೊರೆದ ಮೇಲೆ ಸೆಲೆ ಬತ್ತಿದ್ದು. ಇದರಲ್ಲಿ ಅರ್ಧ ಅವನು ಅಜ್ಜನಿಂದ ಕೇಳಿದ್ದು, ಇನ್ನರ್ಧವನ್ನು ಕೇಳಿಕೊಂಡು ಬಾ ಎಂದು ಕಳಿಸಿದೆ.

ಮುಂದಿನ ವಾರ ಬಂದವನು ಬೇರೆಯೇ ಹುಡುಗ. ಕರಡಿನ ಪುಟಪುಟಕ್ಕೂ ಪೆನ್ಸಿಲ್ ಗುರುತು ಹಾಕಿಕೊಂಡು ಬಂದಿದ್ದ. ಜಯಮಂಗಲಿ ನದಿ ಪಶ್ಚಿಮ ಘಟ್ಟದಲ್ಲಿ ಹುಟ್ಟುತ್ತದೆ ಎಂದಿದ್ದ ಸಾಲನ್ನು ಹೊಡೆದುಹಾಕಿದ್ದ. ಅದು ಹುಟ್ಟುವುದು ಇಲ್ಲೇ ದೇವರಾಯನದುರ್ಗದಲ್ಲಿ, ಆ ಬೆಟ್ಟ ಅವನಿಗೆ ದಿನವೂ ಕಾಣುತ್ತದೆ. ಕೆರೆಯ ಕಾಲ ಬರೆದಿದ್ದ ಕಡೆ "ಯಾರು ಹೇಳಿದ್ದು?" ಎಂದು ಬದಿಯಲ್ಲಿ ಗೀಚಿದ್ದ. ತನಗೆ ಗೊತ್ತಿದ್ದ ಒಂದು ಜಾಗದಲ್ಲಿ ಯಂತ್ರ ಎಡವಿದ್ದನ್ನು ಕಂಡದ್ದೇ ತಡ, ಗೊತ್ತಿಲ್ಲದ ಕಡೆಯೂ ಅದನ್ನು ನಂಬುವುದನ್ನು ನಿಲ್ಲಿಸಿದ್ದ. ಸಂಶೋಧನಾ ವಿಧಾನ ಎಂಬ ಪತ್ರಿಕೆಯಲ್ಲಿ ಆಕರ ವಿಮರ್ಶೆ ಎಂಬ ಅಧ್ಯಾಯವನ್ನು ಎಷ್ಟೋ ವರ್ಷಗಳಿಂದ ಪಾಠ ಮಾಡಿದ್ದೇನೆ. ಆ ಅಧ್ಯಾಯ ಯಾರಿಗೂ ಇಷ್ಟು ಬೇಗ ಹತ್ತಿದ್ದನ್ನು ನೋಡಿರಲಿಲ್ಲ.

ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಇನ್ನೊಂದು ತಮಾಷೆ ನಡೆಯಿತು. ಹೊರಗಿನಿಂದ ಬಂದ ಪರೀಕ್ಷಕರು ತಲಪರಿಗೆಯ ಅಧ್ಯಾಯ ತೆರೆದು, "ಇದಕ್ಕೆ ಆಧಾರ ಗ್ರಂಥ ಯಾವುದು?" ಎಂದರು. ಹುಡುಗ ಅಜ್ಜನ ಹೆಸರು ಹೇಳಿದ. ಅವರು ನನ್ನ ಮುಖ ನೋಡಿದರು. ಸಂದರ್ಶನದ ತಾರೀಖು, ಊರು, ಅಜ್ಜನ ವಯಸ್ಸು ಎಲ್ಲವೂ ಅನುಬಂಧದಲ್ಲಿವೆ ಎಂದು ತೋರಿಸಿದ ಮೇಲೆ ಒಪ್ಪಿಕೊಂಡರು, ಆದರೂ ಪೂರ್ತಿ ಮನಸ್ಸಿನಿಂದಲ್ಲ. ಅದೇ ದಿನ ಅವರು ಸಲೀಸಾಗಿ ದಾಟಿಸಿದ ಇನ್ನೊಂದು ಪ್ರಾಜೆಕ್ಟ್‌ನ ಗ್ರಂಥಋಣದಲ್ಲಿ, ನಾನು ಹುಡುಕಿ ನೋಡಿದ ಮಟ್ಟಿಗೆ, ಮೂರು ಪುಸ್ತಕಗಳು ಎಲ್ಲೂ ಇರಲಿಲ್ಲ. ನಮ್ಮ ವ್ಯವಸ್ಥೆಗೆ ಬೇಕಾಗಿದ್ದದ್ದು ಗ್ರಂಥಋಣದ ಆಕಾರ. ಯಂತ್ರ ಅದನ್ನು ಚೆನ್ನಾಗಿ ಅರ್ಥಮಾಡಿಕೊಂಡಿದೆ, ಅಜ್ಜನಿಗೆ ಅದು ಗೊತ್ತಿಲ್ಲ.

ಈ ವರ್ಷ ನಮ್ಮ ವಿಭಾಗದಲ್ಲಿ ಒಂದು ಪದ್ಧತಿ ಮಾಡಿದ್ದೇವೆ. ಯಂತ್ರವನ್ನು ಧಾರಾಳವಾಗಿ ಬಳಸಿ, ಬಚ್ಚಿಡಬೇಡಿ. ಪ್ರಾಜೆಕ್ಟ್‌ನ ಕೊನೆಯಲ್ಲಿ ಅದು ಎಲ್ಲೆಲ್ಲಿ ತಪ್ಪು ಹೇಳಿತು, ತಪ್ಪೆಂದು ನಿಮಗೆ ಹೇಗೆ ಗೊತ್ತಾಯಿತು ಎಂದು ಬರೆಯಿರಿ. ಹೇಳಿದ ವಾರದಲ್ಲೇ ಒಬ್ಬ ಚುರುಕಿನ ಆಸಾಮಿ "ನಿನ್ನ ತಪ್ಪುಗಳ ಪಟ್ಟಿ ಮಾಡು" ಎಂದು ಯಂತ್ರಕ್ಕೇ ಹೇಳಿ ಬರೆಸಿಕೊಂಡು ಬಂದ. ತಪ್ಪುಗಳೂ ಅಚ್ಚುಕಟ್ಟಾಗಿದ್ದವು, ತಿದ್ದುಪಡಿಗಳೂ ಅಚ್ಚುಕಟ್ಟಾಗಿದ್ದವು, ಎರಡೂ ನಿಜವಲ್ಲ. ಎಲ್ಲಿ ಹೋಗಿ ನೋಡಿದೆ, ಯಾರನ್ನು ಕೇಳಿದೆ ಎಂದು ವಿಚಾರಿಸಿದರೆ ಉತ್ತರವಿಲ್ಲ. ವಾಪಸು ಕಳಿಸಿದ್ದೇನೆ. ಆ ಪುಟಕ್ಕೆ ಹತ್ತು ಅಂಕ ಇಡಿ ಎಂದು ಅಧ್ಯಯನ ಮಂಡಳಿಗೆ ಬರೆದಿದ್ದೇನೆ. ತಪ್ಪು ಹುಡುಕಿದ್ದಕ್ಕೆ ಅಂಕ ಕೊಡುವುದೇ ಎಂದು ಕಿಟಕಿಯ ಕಡೆಯ ಸಹೋದ್ಯೋಗಿಯೊಬ್ಬರು ಆಕ್ಷೇಪ ಎತ್ತಿದ್ದಾರೆ. ಅವರಿಗೂ ಅಲ್ಲಿ ಮತವಿದೆ, ನೋಡೋಣ.

ಪಾವಗಡದ ಒಬ್ಬ ವಿದ್ಯಾರ್ಥಿ ತನ್ನ ತಾಲ್ಲೂಕಿನ ಸೋಲಾರ್ ಪಾರ್ಕನ್ನು ವಿಷಯವಾಗಿ ಆರಿಸಿಕೊಂಡಿದ್ದಾನೆ. ಇದರ ಬಗ್ಗೆ ಯಂತ್ರಕ್ಕೆ ಬಹಳ ಗೊತ್ತು. ಸುಮಾರು 13,000 ಎಕರೆ, 2,050 ಮೆಗಾವಾಟ್, ರೈತರಿಂದ ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ, ಎಲ್ಲವನ್ನೂ ಸರಿಯಾಗಿಯೇ ಹೇಳಿತು. ಅಲ್ಲಿ ತಪ್ಪು ಸಿಗಲಿಲ್ಲ ಎಂದು ಅವನು ಸಪ್ಪೆ ಮುಖ ಮಾಡಿಕೊಂಡು ಬಂದ. ಜಮೀನು ಇದ್ದವರಿಗೆ ಗುತ್ತಿಗೆ ಬಂತು, ಸರಿ, ಅದೇ ಜಮೀನಿನಲ್ಲಿ ಕಡಲೆಕಾಯಿ ಕೀಳಲು ಕೂಲಿಗೆ ಬರುತ್ತಿದ್ದವರು ಈಗ ಏನು ಮಾಡುತ್ತಿದ್ದಾರೆ ಎಂದು ಕೇಳಿದೆ. ಮೊಬೈಲ್ ತೆಗೆದು ಅಲ್ಲೇ ಕೇಳಿ ನೋಡಿದ. ಸುತ್ತಿ ಬಳಸಿ ಒಂದು ಉತ್ತರ ಬಂತು, ಒಬ್ಬರ ಊರೂ ಇಲ್ಲ, ಒಬ್ಬರ ಕೂಲಿಯ ಲೆಕ್ಕವೂ ಇಲ್ಲ. ತಿರುಮಣಿ ಕಡೆ ತನ್ನ ಸೋದರತ್ತೆಯ ಮನೆಯಿದೆ, ಶನಿವಾರ ಹೋಗಿ ಕೇಳಿಕೊಂಡು ಬರಲೇ ಎಂದ. ಹೊರಡುವ ಮೊದಲು ಯಾವ ಯಾವ ಪ್ರಶ್ನೆ ಕೇಳಬೇಕೆಂದು ಒಂದು ಪಟ್ಟಿ ಬೇಕಲ್ಲ ಎಂದೆ. ಅದನ್ನು ಮಾತ್ರ ಚಾಟ್‌ಜಿಪಿಟಿಯಿಂದ ಮಾಡಿಸಲೇ ಮೇಡಂ ಎಂದ. ಮಾಡಿಸು, ಆಮೇಲೆ ನಿನ್ನ ಅತ್ತೆಗೆ ಓದಿ ಹೇಳಿ, ಅವರು ಯಾವುದನ್ನು ತೆಗೆಯುತ್ತಾರೋ ತೆಗೆ ಎಂದಿದ್ದೇನೆ.